ನಡುನೋವಿನ ಲೆಕ್ಕ ಇಡುವವರು ಯಾರು?



ನಾನು ವೈದ್ಯನಲ್ಲ. ಮ್ಯಾಟ್ರಿಕ್ ಮುಗಿಸಿ ಸೊಲ್ಲಾಪುರದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಯೇ ನಿವೃತ್ತನಾದವನು. ಲೆಕ್ಕ ಬರೆಯುವುದು ಬಿಟ್ಟರೆ ಬೇರೆ ವಿದ್ಯೆ ನನಗೆ ಬಾರದು. ಆದರೂ ಇಂದು ಹೆಣ್ಣುಮಕ್ಕಳ ನಡುನೋವಿನ ವಿಷಯವಾಗಿ ನಾಲ್ಕು ಮಾತು ಹೇಳಲು ಬಂದಿದ್ದೇನೆ. ಏಕೆಂದರೆ ಆ ನೋವಿನ ಲೆಕ್ಕವನ್ನು ನಮ್ಮ ಮನೆಗಳಲ್ಲಿ ಯಾರೂ ಇಡುವುದಿಲ್ಲ.

ನಮ್ಮವ್ವ ಬೀಡಿ ಸುತ್ತುತ್ತಿದ್ದಳು. ಎಲೆ ನೆನೆಸಿ, ಕತ್ತರಿಸಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು, ಕುತ್ತಿಗೆ ಬಗ್ಗಿಸಿ ಕುಳಿತಳೆಂದರೆ ಏಳುವುದು ಒಲೆಯ ಕೆಲಸಕ್ಕೆ ಮಾತ್ರ. ಆ ದುಡ್ಡಿನಿಂದಲೇ ನನ್ನ ಮ್ಯಾಟ್ರಿಕ್ ಆಯಿತು. ಆದರೆ ನಲವತ್ತು ತುಂಬುವ ಮೊದಲೇ ಅವಳು ಗೋಡೆ ಹಿಡಿದು ಏಳಬೇಕಾಯಿತು. "ದವಾಖಾನಿಗೆ ಹೋಗೂಣ ನಡಿ ಅವ್ವಾ" ಅಂದರೆ, "ಇದೇನ್ ಬ್ಯಾನಿ ಅಲ್ಲೋ ತಮ್ಮಾ, ಹೆಣ್ಮಕ್ಕಳಿಗೆ ಇದ್ದದ್ದ" ಅನ್ನುತ್ತಿದ್ದಳು. ನಾನೂ ಅದನ್ನೇ ನಂಬಿ ಸುಮ್ಮನಾದೆ. ಅದು ನನ್ನ ತಪ್ಪು.

ಆಗ ಹಾಕದ ಲೆಕ್ಕವನ್ನು ಈಗ ಹಾಕಿ ನೋಡಿದ್ದೇನೆ. ದಿನಕ್ಕೆ 800 ಬೀಡಿ, ತಿಂಗಳಿಗೆ 25 ದಿನ ಎಂದು ಹಿಡಿಯಿರಿ. ವರ್ಷಕ್ಕೆ 2 ಲಕ್ಷ 40 ಸಾವಿರ ಆಯಿತು. ಮೂವತ್ತು ವರ್ಷಕ್ಕೆ 72 ಲಕ್ಷ! ಅಷ್ಟು ಸಲ ಅದೇ ಬೆರಳು ತಿರುಗಬೇಕು, ಅಷ್ಟು ಹೊತ್ತೂ ಕುತ್ತಿಗೆ ಬಗ್ಗಿಯೇ ಇರಬೇಕು. ಹೊಲದಲ್ಲಿ ಕಳೆ ತೆಗೆಯುವವರು, ನೀರಿನ ಕೊಡ ಹೊರುವವರು, ಹೊಲಿಗೆ ಯಂತ್ರ ತುಳಿಯುವವರು ತಮ್ಮ ತಮ್ಮ ಲೆಕ್ಕವನ್ನು ಹೀಗೆಯೇ ಹಾಕಿಕೊಳ್ಳಬಹುದು.

ಬ್ಯಾಂಕಿನಲ್ಲಿ ದಿನವೂ ನೋಡುತ್ತಿದ್ದೆ. ಮೂವತ್ತರ ಹೆಣ್ಣುಮಗಳು ಸಾಲಿನಲ್ಲಿ ನಿಲ್ಲಲಾರದೆ ಟೊಂಕದ ಮೇಲೆ ಕೈ ಇಟ್ಟು ಕೌಂಟರಿಗೆ ಒರಗುವಳು. ಮರಾಠಿಯವರು 'ಕಂಬರದುಖಿ' ಅನ್ನುವರು, ನಾವು 'ಟೊಂಕನೋವು' ಅನ್ನುವೆವು. ಕೊನೆಗೆ ಅವರು 'ಚಾಲಾಯಚಂಚ' ಅಂದರೆ ನಾವು 'ಇದ್ದದ್ದ' ಅಂದು ಮುಗಿಸುವೆವು. ಭಾಷೆ ಎರಡಾದರೂ ಅಲಕ್ಷ್ಯ ಒಂದೇ.

ಆದರೆ ಜಗತ್ತು ಈ ಲೆಕ್ಕ ಇಡತೊಡಗಿದೆ. 1990ರಿಂದ 2020ರವರೆಗೆ 204 ದೇಶಗಳ ಲೆಕ್ಕ ಕೂಡಿಸಿ 2023ರಲ್ಲಿ ಪ್ರಕಟಿಸಿದ್ದಾರೆ. ಗಂಡು ಹೆಣ್ಣು, ಎಲ್ಲ ವಯಸ್ಸಿನವರು ಸೇರಿ 2020ರಲ್ಲಿ ಸುಮಾರು 62 ಕೋಟಿ ಜನರಿಗೆ ನಡುನೋವು ಇತ್ತು. ಅದರಲ್ಲಿ ಹೆಂಗಸರ ಪಾಲೇ ಹೆಚ್ಚು. 2050ಕ್ಕೆ ಇದು 84 ಕೋಟಿ ದಾಟೀತು ಎಂದು ಅಂದಾಜು. ಇಲ್ಲೊಂದು ಸೂಕ್ಷ್ಮವಿದೆ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ಲೆಕ್ಕ ಹಾಕಿದರೆ, ಸಾವಿರಕ್ಕೆ ಇಷ್ಟು ಮಂದಿ ಎಂಬ ದರ ಆ ಮೂವತ್ತು ವರ್ಷದಲ್ಲಿ ತುಸು ಇಳಿದಿದೆ. ಜನಸಂಖ್ಯೆ ಬೆಳೆದು, ಆಯುಷ್ಯವೂ ಹೆಚ್ಚಿದ್ದರಿಂದ ಒಟ್ಟು ಮೊತ್ತ ಏರಿದೆ. ಬಡ್ಡಿ ದರ ಇಳಿದರೂ ಠೇವಣಿ ಬೆಳೆದರೆ ಬಡ್ಡಿಯ ಮೊತ್ತ ಏರುವಂತೆ ಇದು.

ಇನ್ನೊಂದು ಮಾತು ಮುಖ್ಯವಾದದ್ದು. ಈ ನೋವಿನ ಹೊರೆಯಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಪಾಲಿಗೆ ಕಾರಣ ಮೂರೇ: ದುಡಿಮೆಯ ರೀತಿ, ಧೂಮಪಾನ, ಅತಿಯಾದ ಮೈತೂಕ. ಅಂದರೆ ಅಷ್ಟು ಪಾಲು ಹಣೆಬರಹವಲ್ಲ, ತಪ್ಪಿಸಬಹುದಾದದ್ದು.

ಹೆರಿಗೆಯ ವಯಸ್ಸೆಂದು 15ರಿಂದ 49 ವರ್ಷವನ್ನು ಹಿಡಿಯುತ್ತಾರೆ. ದುಡಿಮೆಯ ವಯಸ್ಸೂ ಅದೇ. ಬಸಿರಿನಲ್ಲಿ ಕೀಲಿನ ಕಟ್ಟುಗಳು ಸಡಿಲವಾಗುತ್ತವೆ, ಹೊಟ್ಟೆಯ ಭಾರ ನಡುವನ್ನು ಮುಂದಕ್ಕೆ ಎಳೆಯುತ್ತದೆ. ಹೆರಿಗೆಯಾದ ಮೇಲೆ ಕೂಸನ್ನು ಎತ್ತುವುದು, ಬಗ್ಗಿ ಹಾಲೂಡಿಸುವುದು ಇದ್ದೇ ಇದೆ. ಅದರ ಮೇಲೆ ಮೊರವೂ ಕೊಡವೂ ಬಂದರೆ ನಡು ಏನು ಮಾಡೀತು?

ಹಾಗಾದರೆ ನಾವು ಏನು ಮಾಡಬೇಕು? ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಗೋಡೆಗೆ ಬೆನ್ನು ಕೊಟ್ಟು ಕುಳಿತು, ಮೊರವನ್ನು ಮಣೆಯ ಮೇಲಿಟ್ಟು ಎತ್ತರ ಮಾಡಿಕೊಳ್ಳಿರಿ. ಭಾರ ಎತ್ತುವಾಗ ನಡು ಬಗ್ಗಿಸದೆ ಮೊಣಕಾಲು ಮಡಿಸಿರಿ. ಸಾಮಾನ್ಯ ನಡುನೋವಿಗೆ ವಾರಗಟ್ಟಲೆ ಮಲಗುವುದು ಮದ್ದಲ್ಲ. ಆದಷ್ಟು ಓಡಾಡುತ್ತಿರುವುದೇ ಒಳ್ಳೆಯದು. ಹಾಲು, ಮೊಸರು, ಎಳ್ಳು, ಮರಾಠಿಯವರು ನಾಚಣಿ ಎನ್ನುವ ರಾಗಿ, ಇವು ಎಲುಬಿಗೆ ಸುಣ್ಣದ ಅಂಶ ಕೊಡುತ್ತವೆ. ಬಸಿರಿಯರಿಗೆ ನಾಲ್ಕನೆಯ ತಿಂಗಳಿನಿಂದ, ಹೆರಿಗೆಯಾಗಿ ಆರು ತಿಂಗಳವರೆಗೆ, ದಿನಕ್ಕೆ ಎರಡು ಕ್ಯಾಲ್ಸಿಯಂ ಗುಳಿಗೆ ಕೊಡಬೇಕೆಂದು ಸರ್ಕಾರದ ನಿಯಮವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಕಬ್ಬಿಣದ ಗುಳಿಗೆಯನ್ನು ಅದರ ಜೊತೆ ನುಂಗಬೇಡಿರಿ. ಎರಡು ತಾಸು ಅಂತರವಿರಲಿ.

ಕೆಲವು ಗುರುತು ಕಂಡರೆ ತಡ ಮಾಡಬಾರದು. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಕೂಡಲೇ ದೊಡ್ಡ ದವಾಖಾನೆಗೆ ಹೋಗಬೇಕು. ಬೆಳಿಗ್ಗೆ ಬೆರಳ ಗೆಣ್ಣು ಬಾತು, ಒಂದು ತಾಸಾದರೂ ಸಡಿಲವಾಗದಿದ್ದರೆ ಅದು ಸಂಧಿವಾತ ಇರಬಹುದು. ಗಂಡಸರಿಗಿಂತ ಹೆಂಗಸರಿಗೆ ಅದು ಎರಡು ಮೂರು ಪಟ್ಟು ಹೆಚ್ಚು. ಬೇಗ ತೋರಿಸಿದರೆ ಕೀಲು ಉಳಿಯುತ್ತವೆ.

ಕೊನೆಯ ಮಾತು ಗಂಡಸರಿಗೆ. ಕೊಡ ಹೊರಲು, ಕಟ್ಟಿಗೆ ತರಲು ನಮಗೂ ಹೆಗಲು ಇದೆಯಲ್ಲ! ನಮ್ಮವ್ವ ಈಗಿಲ್ಲ. "ಎಲ್ಲಿ ನೋಯತೈತಿ? ಎಷ್ಟು ದಿನ ಆತು?" ಎಂದು ನಾನು ಅವಳನ್ನು ಕೂಡ್ರಿಸಿಕೊಂಡು ಕೇಳಲಿಲ್ಲ. ನಿಮ್ಮ ಮನೆಯಲ್ಲಿ ನೀವು ಇಂದು ರಾತ್ರಿಯೇ ಕೇಳಿರಿ. "ಇದ್ದದ್ದ" ಎಂದು ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿರಿ, ಇನ್ನೊಮ್ಮೆ ಕೇಳಿರಿ.