ಮಲೇರಿಯಾ ರೋಗಾಣುವಿನ ಕಾಪಿ ಪತ್ತೆ

ಮಕ್ಕಳೇ, ಪರೀಕ್ಷೆಯಲ್ಲಿ ಇಬ್ಬರು ಒಂದೇ ತಪ್ಪು ಬರೆದರೆ ಅದು ಆಕಸ್ಮಿಕವಿರಬಹುದು. ಆ ತಪ್ಪಿನ ಹಿಂದುಮುಂದಿನ ಸಾಲುಗಳೂ ಅಕ್ಷರಶಃ ಒಂದೇ ಆಗಿದ್ದರೆ ಮೇಷ್ಟ್ರು ಬಿಡುತ್ತಾರೆಯೇ? ಕಾಪಿ ಎಂದೇ ಲೆಕ್ಕ. ಮಲೇರಿಯಾ ವಿಜ್ಞಾನಿಗಳ ಪತ್ತೇದಾರಿಯೂ ಹೀಗೆಯೇ.

ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗದ ರೋಗಾಣು 1950ರ ದಶಕದ ಕೊನೆಗೆ ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲಿ ಕಂಡಿತು. ಇಪ್ಪತ್ತು ವರ್ಷದ ಮೇಲೆ ಪೂರ್ವ ಆಫ್ರಿಕಾದಲ್ಲೂ ಕಂಡಿತು. ಮಾತ್ರೆ ಸೋತಂತೆ ಅಲ್ಲಿ ಮಲೇರಿಯಾದಿಂದ ಸಾಯುವ ಮಕ್ಕಳು ಹೆಚ್ಚಿದರು. ಅಲ್ಲೇ ಹುಟ್ಟಿತೋ, ವಲಸೆ ಬಂತೋ? ಬದಲಾದ ಜೀನಿನ ಅಕ್ಕಪಕ್ಕದ ಡಿಎನ್‌ಎ ಓದಿದರು, ಏಷ್ಯಾದ್ದಕ್ಕೆ ಹೊಂದಿತು. ವಲಸೆಯೇ. (ಈ ರೋಗಾಣುವಿನ ಡಿಎನ್‌ಎಯಲ್ಲಿ ಸುಮಾರು 2.3 ಕೋಟಿ ಅಕ್ಷರಗಳಿವೆ. ಹೋಲಿಸಲು ನನ್ನಂಥ ಕಂಪ್ಯೂಟರಿನವರೂ ಬೇಕು.)

ಮುಂದೆ ಆರ್ಟೆಮಿಸಿನಿನ್ ಔಷಧವೂ ಕಾಂಬೋಡಿಯಾದಲ್ಲಿ ಸಡಿಲವಾಯಿತು. ಈ ಸಲವೂ ಅದೇ ದಾರಿಯಲ್ಲಿ ಬರುತ್ತದೆಂಬ ಭಯವಿತ್ತು. ರುವಾಂಡಾದಲ್ಲಿ 2014–15ರಲ್ಲಿ ತೆಗೆದ ರಕ್ತದ ಮಾದರಿಗಳಲ್ಲಿ ಕೆ13 ಜೀನಿನ ಬದಲಾವಣೆಯೊಂದು ಸಿಕ್ಕಿತು, ಏಷ್ಯಾದಲ್ಲೂ ಇರುವಂಥದ್ದೇ. ಆದರೆ ಹಿಂದುಮುಂದಿನ ಸಾಲುಗಳು ಹೊಂದಲಿಲ್ಲ. ಅದು ಕಾಪಿಯಲ್ಲ, ಆಫ್ರಿಕಾದಲ್ಲೇ ಹುಟ್ಟಿದ್ದು. ಏಷ್ಯಾದಿಂದ ಬರುವುದನ್ನು ಎಷ್ಟೇ ಬಿಗಿಯಾಗಿ ತಡೆದಿದ್ದರೂ ಇದು ನಿಲ್ಲುತ್ತಿರಲಿಲ್ಲ.