ಮೀನೂ ಮುಳುಗಡೆ ಸಂತ್ರಸ್ತ



ಆಹ್ವಾನ ಪತ್ರಿಕೆಯಲ್ಲಿ ಈ ವಿಚಾರಸಂಕಿರಣದ ಹೆಸರನ್ನು ‘ಸಕಲೇಶಪುರ–ಆಲೂರು ಸೀಮೆಯ ಹೊಳೆಗಳ ಜೀವಸಂಕುಲ: ಅಳಿವು ಮತ್ತು ಪ್ರತಿರೋಧ’ ಎಂದು ಅಚ್ಚು ಹಾಕಿಸಿದ್ದಾರೆ. ಅಳಿವು ನಮಗೆಲ್ಲ ಗೊತ್ತಿರುವ ಮಾತು. ಪ್ರತಿರೋಧದ ಹತ್ತಿರ ನನ್ನ ಕಣ್ಣು ನಿಂತಿತು. ಸಂಘಟಕರಿಗೆ ಫೋನ್ ಮಾಡಿ, ‘ಯಾರದು ಪ್ರತಿರೋಧ, ನಮ್ಮದೋ ಮೀನಿನದೋ?’ ಎಂದು ಕೇಳಿದೆ. ‘ಅದನ್ನು ಹೇಳಲಿಕ್ಕೇ ನಿಮ್ಮನ್ನು ಕರೆದಿರೋದು ಸಾರ್’ ಅಂದರು. ಜಾಣರು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಹೊಳೆಗೆ ವಿಷ ಹಾಕಿದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಮೀನುಗಳ ಮಾರಣಹೋಮ’ ಎಂದು ತಲೆಬರಹ ಬರುತ್ತದೆ. ಮಾರಣಹೋಮ ಎನ್ನುವ ಪದವನ್ನು ಮನುಷ್ಯ ಮನುಷ್ಯನಿಗೆ ಮಾಡಿದ್ದಕ್ಕೇ ಬಿಟ್ಟುಬಿಡೋಣ. ಅದನ್ನು ತಂದು ಮೀನಿನ ಮೇಲೆ ಹಾಕಿದರೆ ಎರಡೂ ಕಡೆಯವರಿಗೆ ಅವಮಾನ. ನಮ್ಮ ಹಳ್ಳಿಯಲ್ಲಿ ಇದಕ್ಕೊಂದು ಹಳೆಯ ಮಾತಿದೆ, ‘ವಂಶ ನಿರ್ವಂಶ ಮಾಡೋದು’. ತಿನ್ನಲಿಕ್ಕೆ ಹಿಡಿಯುವುದು ಬೇರೆ, ನಿರ್ವಂಶ ಮಾಡುವುದು ಬೇರೆ ಎನ್ನುವ ವಿವೇಕ ಆ ಮಾತಿನಲ್ಲೇ ಇದೆ. ಇವತ್ತಿಗೆ ನನಗೆ ಅದು ಸಾಕು.

ನನ್ನ ಊರು ಆಲೂರು ತಾಲ್ಲೂಕಿನ ಹೇಮಾವತಿ ದಂಡೆಯದು. ಈಗ ಅಲ್ಲಿಗೆ ಬಸ್ಸಿಲ್ಲ, ದಾರಿಯಿಲ್ಲ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ತಿಯಾದ ಮೇಲೆ ಊರು ನೀರಿನಡಿ ಹೋಯಿತು. 37.103 ಟಿಎಂಸಿ ನೀರು ನಿಲ್ಲುವ ಜಲಾಶಯ ಅದು. ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೀವೆಲ್ಲ ನೋಡಿದ್ದೀರಿ, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಅಲ್ಲಿ ಜನ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಊರಿಗೆ ಅಂಥ ಗೋಡೆಯೂ ಇರಲಿಲ್ಲ, ಫೋಟೋಕ್ಕೂ ಗತಿಯಿಲ್ಲ. ಹೇಮಾವತಿ ಮುಳುಗಡೆ ಸಂತ್ರಸ್ತರು ಎಂದು ನಮಗೆ ಹೆಸರು ಬಂತು, ಕೈಗೊಂದು ಕಾಗದ ಬಂತು, ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಅಭ್ಯಾಸ ಬಂತು. ಹೊಳೆಯಲ್ಲಿದ್ದ ಮೀನಿಗೆ ಮಾತ್ರ ಯಾವ ಕಾಗದವೂ ಬರಲಿಲ್ಲ.

ಮೀನು ಮುಳುಗುವುದುಂಟೇ ಎಂದು ನೀವು ನಗಬಹುದು. ಪ್ರಾಣಿಶಾಸ್ತ್ರದ ಮಕ್ಕಳು ನಗಬಾರದು. ಹರಿಯುವ ನೀರಿಗೆಂದೇ ಮೈ ಕಟ್ಟಿಕೊಂಡ ಮೀನಿಗೆ ನಿಂತ ನೀರು ಮುಳುಗಡೆಯೇ. ಗಾರಾ ಜಾತಿಯ ಮೀನನ್ನು ಕೈಯಲ್ಲಿ ಹಿಡಿದು ಮಗುಚಿ ನೋಡಿ. ಕೆಳದುಟಿಯ ಹಿಂದೆ ಸಣ್ಣ ಬಿಲ್ಲೆಯಂಥದ್ದು ಇರುತ್ತದೆ. ಸೆಳವು ಎಷ್ಟೇ ಇರಲಿ, ಅದನ್ನು ಬಂಡೆಗೆ ಒತ್ತಿಕೊಂಡು ಪಾಚಿ ಕೆರೆಯುತ್ತಾ ಕೂರುತ್ತದೆ. ಆ ಬಂಡೆಯ ಮೇಲೆ ನೂರು ಅಡಿ ನೀರು ನಿಂತು, ಹೂಳು ಕೂತು, ಬೆಳಕು ಹೋಗಿ, ಪಾಚಿ ಸತ್ತರೆ ಬಿಲ್ಲೆಯನ್ನು ಯಾವುದಕ್ಕೆ ಒತ್ತಬೇಕು? ಅದರ ಜಾಗದಲ್ಲಿ ನಾವು ಗಂಗಾ ಬಯಲಿನ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟೆವು. ಜಿಲೇಬಿ ಮೀನು ಬಂತು. 2000ದಲ್ಲಿ ನಿಷೇಧವಾದ ಆಫ್ರಿಕನ್ ಕ್ಯಾಟ್‌ಫಿಶ್ ಹೊಂಡಗಳಿಂದ ತಪ್ಪಿಸಿಕೊಂಡು ಕೆರೆ ಹೊಳೆ ಸೇರಿತು. ಸಂತೆಯಲ್ಲಿ ಮೀನು ಕಡಿಮೆಯಾಗಿಲ್ಲವಲ್ಲ ಎಂದು ಕೇಳುವವರಿಗೆ ಇದೇ ಉತ್ತರ. ಮೀನಿದೆ, ಊರಿನವರು ಹೋಗಿದ್ದಾರೆ.

ಈಗ ಪ್ರತಿರೋಧಕ್ಕೆ ಬರುತ್ತೇನೆ. ನಲವತ್ತು ವರ್ಷ ಪಾಠ ಮಾಡಿ ನನಗೆ ಅರ್ಥವಾದದ್ದು ಇಷ್ಟು: ಹೊಳೆಯ ಜೀವಿಗಳು ಸುಮ್ಮನೆ ಸಾಯುವ ಪೈಕಿ ಅಲ್ಲ. ಪ್ರವಾಹ, ಬರ, ಹಾವು, ನೀರುನಾಯಿ, ಇವೆಲ್ಲದರ ಎದುರು ಸಂತಾನ ಉಳಿಸಿಕೊಳ್ಳಲಿಕ್ಕೆ ಒಂದೊಂದೂ ಒಂದೊಂದು ಉಪಾಯ ಹೂಡಿದೆ. ನೀರಡಿಯಲ್ಲಿ ಲಕ್ಷಾಂತರ ವರ್ಷಗಳಿಂದ ಹೋರಾಟ ನಡೆದೇ ಇದೆ. ನಾವು ಅದನ್ನು ಪಠ್ಯದಲ್ಲಿ ‘ಹೊಂದಾಣಿಕೆ’ ಎಂದು ಎರಡು ಅಂಕದ ಪ್ರಶ್ನೆ ಮಾಡಿದ್ದೇವೆ.

ಕೊರವನ ಮರಿಗಳನ್ನು ನೋಡಿದವರಿಗೆ ಗೊತ್ತು. ಕೆಂಪು ಚೆಂಡಿನ ಹಾಗೆ ನೂರಾರು ಮರಿ ಒಟ್ಟಿಗೆ ಮೇಲೆ ಬಂದು ಉಸಿರು ತೆಗೆದುಕೊಂಡು ಕೆಳಗೆ ಹೋಗುತ್ತವೆ. ಅವುಗಳ ಅಡಿಯಲ್ಲೇ ತಾಯಿ ತಂದೆ ಕಾವಲು. ಕೈ ಹಾಕಿದರೆ ಕಚ್ಚುತ್ತವೆ. ಗಾಳಗಾರರಿಗೂ ಇದು ಗೊತ್ತಿರುವುದರಿಂದಲೇ ಮರಿಗಳ ಚೆಂಡು ಕಂಡ ಕಡೆ ಗಾಳ ಇಳಿಬಿಡುತ್ತಾರೆ. ಮಕ್ಕಳ ಮೇಲಿನ ಸಿಟ್ಟಿಗೆ ತಾಯಿ ಗಾಳ ಕಚ್ಚಿ ಹೋಗುತ್ತಾಳೆ, ಆಮೇಲೆ ಮರಿಗಳು ಯಾರ ಪಾಲಾದರೂ ಆಗುತ್ತವೆ. ಹೊಳೆ ಏಡಿ ಮರಿಗಳನ್ನು ಹೊಟ್ಟೆಯ ಮುಚ್ಚಳದೊಳಗೆ ಮುಚ್ಚಿಟ್ಟುಕೊಂಡು ತಿರುಗುತ್ತದೆ. ಇರುಳುಗಪ್ಪೆಗಳ ಗಂಡು, ನೀರಿನ ಮೇಲೆ ಬಾಗಿದ ಎಲೆಯಲ್ಲೋ ಕಲ್ಲಿನಲ್ಲೋ ಇಟ್ಟ ಮೊಟ್ಟೆಗಳ ಪಕ್ಕ ಕಾವಲು ಕೂರುತ್ತದೆ. ಉತ್ತರ ಕನ್ನಡದಲ್ಲಿ ಸಿಕ್ಕಿ 2014ರಲ್ಲಿ ಲೋಕಕ್ಕೆ ಗೊತ್ತಾದ ಕುಂಬಾರ ಕಪ್ಪೆ ಇನ್ನೂ ಒಂದು ಹೆಜ್ಜೆ ಮುಂದೆ. ಮೊಟ್ಟೆಗಳಿಗೆ ಕೆಸರು ಮೆತ್ತುತ್ತದೆ.

ನಮ್ಮದೇ ಸೀಮೆಯ ಹೋರಾಟಗಾರನ ಹೆಸರನ್ನು ಈ ಸಭೆಯಲ್ಲಿ ಎಷ್ಟು ಜನ ಕೇಳಿದ್ದೀರೋ ಕಾಣೆ. ಇಂಡಿರಾನಾ ಗುಂಡಿಯಾ. ಫ್ರಾನ್ಸಿನ ಅಲೈನ್ ದುಬುವಾ 1986ರಲ್ಲಿ ಕೆಂಪುಹೊಳೆ ಕಾಡಿನ ಈ ಕಪ್ಪೆಗೆ ನಮ್ಮ ಗುಂಡ್ಯದ ಹೆಸರಿಟ್ಟ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ 2004ರ ಕೆಂಪು ಪಟ್ಟಿಯಲ್ಲಿ ಇದನ್ನು ತೀರಾ ಅಪಾಯದ ಸಾಲಿಗೆ ಸೇರಿಸಿತು. ಇದರ ಸಂಕುಲದ ಗೊದಮೊಟ್ಟೆಗಳನ್ನು ನಾನು ಮೊದಲು ನೋಡಿದ್ದು ಶಿರಾಡಿ ಘಾಟಿಯ ಒಂದು ಝರಿಯಲ್ಲಿ, ವಿದ್ಯಾರ್ಥಿಗಳ ಜೊತೆ. ನೀರಿನಲ್ಲಿ ಹುಡುಕಿದೆವು, ಸಿಗಲಿಲ್ಲ. ಒಬ್ಬ ಹುಡುಗಿ ಬಂಡೆಗೆ ಕೈ ಊರಲು ಹೋಗಿ ‘ಅಯ್ಯೋ’ ಎಂದು ಹಿಂದೆ ಸರಿದಳು. ಬಂಡೆಯ ಮೇಲೆ ಕಾಗದದಷ್ಟು ತೆಳುವಾಗಿ ಜಿನುಗುವ ನೀರು, ಆ ನೀರಿನಲ್ಲಿ ಬಂಡೆಯದೇ ಬಣ್ಣದ ಗೊದಮೊಟ್ಟೆಗಳು, ಉದ್ದ ಬಾಲ, ಆಗಲೇ ಬಲಿತ ಹಿಂಗಾಲು. ಬೆರಳು ತಾಗಿದ್ದೇ ತಡ, ಚಟ್ಟನೆ ಹಾರಿ ಇನ್ನೊಂದು ಕಡೆ ಅಂಟಿಕೊಂಡವು. ಹೊಳೆಯಲ್ಲಿ ಮೀನು ತಿನ್ನುತ್ತದೆ, ನೆಲದಲ್ಲಿ ಒಣಗಿ ಸಾಯಬೇಕಾಗುತ್ತದೆ. ಎರಡರ ನಡುವೆ ಒಂದು ತೆಳು ಒರತೆಯನ್ನು ಹುಡುಕಿಕೊಂಡ ಜಾಣತನ ಅದು. ಆ ಒರತೆ ನಿಂತರೆ ಅದಕ್ಕೆ ಬೇರೆ ದೇಶವಿಲ್ಲ.

ಇನ್ನು ನನ್ನ ತಪ್ಪೊಪ್ಪಿಗೆ. ಬೇಸಿಗೆಯಲ್ಲಿ ಹೊಳೆ ಕಡಿದು ಗುಂಡಿ ಗುಂಡಿಯಾದಾಗ ಕಾರೆಕಾಯಿ ಜಜ್ಜಿ ನೀರಿಗೆ ಕದಡಿದವರಲ್ಲಿ ನಾನೂ ಒಬ್ಬ. ಮೀನುಗಳು ಮತ್ತೇರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೇಕಾದ್ದನ್ನು ಆರಿಸಿಕೊಂಡು ಬರುತ್ತಿದ್ದೆವು. ಹೊಸ ನೀರು ಬಂದರೆ ಉಳಿದವು ಕೆಲವಾದರೂ ಚೇತರಿಸಿಕೊಳ್ಳುತ್ತಿದ್ದವು. ನಂತರ ಬ್ಲೀಚಿಂಗ್ ಪೌಡರ್ ಬಂತು. ಅದು ಆರಿಸುವುದಿಲ್ಲ. ಮೀನು, ಸೀಗಡಿ, ಗೊದಮೊಟ್ಟೆ, ಕಲ್ಲಿನಡಿಯ ಹುಳ, ಎಲ್ಲ ಒಂದೇ ಸಲ. ತೋಟೆ ಹಾಕುವವರೂ ಇದ್ದರು. ತೋಟೆ ಸಿಡಿದಾಗ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ, ಅರ್ಧ ಮೀನು ತೇಲದೆ ತಳಕ್ಕೆ ಹೋಗಿ ಕೊಳೆಯುತ್ತದೆ. ನಮ್ಮ ನೆಂಟರೊಬ್ಬರು ಬತ್ತಿ ಗಿಡ್ಡ ಮಾಡಿ ಬಲಗೈ ಕಳೆದುಕೊಂಡರು. ಅವರು ಬದುಕಿರುವವರೆಗೂ ‘ಮೀನಿನ ಶಾಪ’ ಅನ್ನುತ್ತಿದ್ದರು. ಬತ್ತಿಯ ಶಾಪ ಅಂತ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ತೋಟೆ ಮತ್ತು ವಿಷ, ಎರಡನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿತ್ತು. ನೂರ ಇಪ್ಪತ್ತು ವರ್ಷ ದಾಟಿದ ಕಾನೂನು. ನಮ್ಮ ಹೊಳೆದಂಡೆಗೆ ಇನ್ನೂ ನಡೆದುಕೊಂಡು ಬರುತ್ತಿದೆ. ಅದಕ್ಕಿಂತ ಮೊದಲೇ ಬಂದು ಕೂತಿದ್ದು ದೇವರು. ನಮ್ಮ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಣಿ, ತುಂಗೆಯಲ್ಲಿ ಶೃಂಗೇರಿ, ಘಟ್ಟ ಇಳಿದರೆ ಎತ್ತಿನಭುಜದ ಬುಡದ ಶಿಶಿಲ. ಅಲ್ಲಿ ದೇವರ ಮೀನಿಗೆ ಕೈ ಹಚ್ಚುವವರಿಲ್ಲ, ಮಂಡಕ್ಕಿ ಹಾಕುವವರೇ ಎಲ್ಲ. ವಿಜ್ಞಾನಿಗಳು ‘ಸಂರಕ್ಷಿತ ಮಡು’ ಎಂಬ ಮಾತು ಕಂಡುಹಿಡಿಯುವ ಮೊದಲೇ ಜನ ಭಯಭಕ್ತಿಯಿಂದ ಅದನ್ನು ನಡೆಸಿ ತೋರಿಸಿದ್ದರು. ಆದರೆ 1996ರಲ್ಲಿ ಅದೇ ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರವರು ಅವುಗಳಿಗೆ ಒಂದು ಸ್ಮಾರಕ ಕಟ್ಟಿದರು. ಇವತ್ತಿಗೂ ಇದೆ. ದೇವರ ಭಯ ಹೋದ ಜಾಗಕ್ಕೆ ಕಾನೂನಿನ ಭಯ ಬಂದಿಲ್ಲ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ವಿಷ ಎಂದರೆ ಬರೀ ಕಳ್ಳರು ರಾತ್ರಿ ತಂದು ಸುರಿಯುವುದು ಎಂದುಕೊಳ್ಳಬೇಡಿ. ನಾವು ತೋಟಗಾರರೂ ಹಗಲಲ್ಲೇ ಬಿಡುತ್ತೇವೆ. ಕಾಫಿ ಹಣ್ಣು ಕೊಯ್ದು ಪಲ್ಪರ್ ಓಡುವುದು ಹೊಳೆಯಲ್ಲಿ ನೀರು ಇಳಿಯುವ ತಿಂಗಳುಗಳಲ್ಲಿ. ಹಣ್ಣಿನ ಸಿಪ್ಪೆಯ ಲೋಳೆ ನೀರನ್ನು ಗುಂಡಿಯಲ್ಲಿ ನಿಲ್ಲಿಸದೆ ಹಳ್ಳಕ್ಕೆ ಬಿಟ್ಟರೆ, ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ. ಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ತೋಟಕ್ಕೆ ಸಿಂಪಡಿಸುವ ಮೈಲುತುತ್ತದ ಮಾತು ಬೇರೆ. ಈ ಸಭಾಂಗಣದಲ್ಲಿ ತೋಟ ಇರುವವರು ಅರ್ಧಕ್ಕಿಂತ ಹೆಚ್ಚಿದ್ದೀರಿ, ನಾನೂ ಸೇರಿ. ಆದ್ದರಿಂದ ಇದನ್ನು ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ.

ಮುಂದೆ ಹೋಗಬೇಕಾದ್ದು ಎತ್ತಿನಹೊಳೆಗೆ. ಬಿಸಿಲೆ ದಾರಿಯ ಮಂಕನಹಳ್ಳಿ ದಿಣ್ಣೆಯ ಮೇಲೆ ನಿಂತರೆ ಬಿದ್ದ ಮಳೆಯ ಒಂದು ಪಾಲು ಪೂರ್ವಕ್ಕೆ ಬಂಗಾಳಕೊಲ್ಲಿಗೆ, ಇನ್ನೊಂದು ಪಾಲು ಪಶ್ಚಿಮಕ್ಕೆ ಅರಬ್ಬಿ ಸಮುದ್ರಕ್ಕೆ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಪಶ್ಚಿಮದವು. ಗುಂಡ್ಯ ಹೊಳೆಯಾಗಿ, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತವೆ. ಈ ಹಳ್ಳಗಳಿಗೆ 8 ಒಡ್ಡು ಕಟ್ಟಿ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ಎತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರದವರ ಬಾಯಾರಿಕೆ ಸುಳ್ಳಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಕೆಟ್ಟವರ ಎದುರು ನಿಂತು ಗೊದಮೊಟ್ಟೆಯ ಕಥೆ ಹೇಳುವ ಧೈರ್ಯ ನನಗಿಲ್ಲ. ಆದರೆ ಒಂದು ಮಾತು ನನ್ನನ್ನು ಕಾಡುತ್ತದೆ. ‘ಮಳೆಗಾಲದಲ್ಲಿ ಸುಮ್ಮನೆ ಹರಿದು ಹೋಗುವ ಹೆಚ್ಚುವರಿ ನೀರನ್ನು ಮಾತ್ರ ಎತ್ತುತ್ತೇವೆ’ ಅನ್ನುತ್ತಾರೆ. ಹೆಚ್ಚುವರಿ ಎಂದು ಯಾರ ಲೆಕ್ಕದಲ್ಲಿ?

ಹತ್ತುಮೀನು ಎನ್ನುವ ಪದ ಮಲೆನಾಡಿನ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಮುಂಗಾರಿನ ಮೊದಲ ಕೆಂಪು ನೀರು ಬಂದ ರಾತ್ರಿ ಮೀನುಗಳು ಮೊಟ್ಟೆ ಹೊತ್ತು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಂಡಿಗೆ ಹತ್ತುತ್ತಿದ್ದವು. ಅಪ್ಪ ಕಂಡಿಗೆ ಕೂಣಿ ಒಡ್ಡಿ ಕಂಬಳಿ ಕೊಪ್ಪೆ ಹೊದ್ದು ಲಾಟೀನು ಹಿಡಿದು ಕೂರುತ್ತಿದ್ದರು. ಕೂಣಿಯೊಳಗೆ ಬಿದ್ದ ಮೀನು ಬಡಿದುಕೊಳ್ಳುವ ಸದ್ದು ಮಳೆಯ ಸದ್ದಿನ ಮೇಲೂ ಕೇಳುತ್ತಿತ್ತು. ಬೆಳಗಿನ ಜಾವ ಅಪ್ಪ ಕೂಣಿ ಎತ್ತಿಬಿಡುತ್ತಿದ್ದರು. ‘ಸಾಕು, ಉಳಿದವು ಹೋಗಲಿ’ ಅಷ್ಟೇ. ಅದು ದಯೆಯೋ ಲೆಕ್ಕಾಚಾರವೋ ನನಗೆ ತಿಳಿಯದು. ಮುಂದಿನ ವರ್ಷವೂ ಕೂಣಿಗೆ ಮೀನು ಬೀಳಬೇಕಲ್ಲ.

ಹಾಗಾದರೆ ಹೆಚ್ಚುವರಿ ನೀರು ಹರಿಯುವ ಆ ತಿಂಗಳುಗಳೇ ಮೀನಿನ ಬಸಿರು ಬಾಣಂತನದ ತಿಂಗಳುಗಳು. ಆಗಲೇ ಒಡ್ಡು ಅಡ್ಡ ನಿಲ್ಲುತ್ತದೆ, ಆಗಲೇ ಪಂಪು ಓಡುತ್ತದೆ. ಬೇಸಿಗೆಯಲ್ಲಿ ನೀರು ಬಿಡುತ್ತೇವೆ ಅನ್ನುವುದು, ಹೆರಿಗೆಯ ದಿನ ಆಸ್ಪತ್ರೆಗೆ ಬೀಗ ಹಾಕಿ ಆಮೇಲೆ ತೊಟ್ಟಿಲು ಕಳಿಸಿಕೊಟ್ಟ ಹಾಗೆ. ಇದೇ ಸೀಮೆಯ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡವೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲೇ ಹೇಳಿತ್ತು. ಅದೇ ವರ್ಷ ಐಯುಸಿಎನ್ ಪಶ್ಚಿಮಘಟ್ಟದ ಸಿಹಿನೀರಿನ 1,146 ಜೀವಪ್ರಭೇದಗಳನ್ನು ಪರಿಶೀಲಿಸಿ, ಸುಮಾರು ಶೇ. 16 ಅಳಿವಿನ ದಾರಿಯಲ್ಲಿವೆ ಎಂದಿತು. ಮೀನುಗಳಲ್ಲಿ ಅದು ಶೇ. 37. ಒಳ್ಳೆಯ ಉದ್ದೇಶವೂ ಕೊಲ್ಲಬಲ್ಲದು ಎನ್ನುವುದಕ್ಕೆ ಕಾವೇರಿಯ ಕಥೆಯಿದೆ: ದೇವರ ಮೀನನ್ನು ಹೆಚ್ಚಿಸುತ್ತೇವೆಂದು ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷಗಟ್ಟಲೆ ಬಿಟ್ಟರು, ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ 2018ರ ಹೊತ್ತಿಗೆ ತೀರಾ ಅಪಾಯದ ಪಟ್ಟಿ ಸೇರಿತು. ಆ ವರ್ಷದವರೆಗೆ ಅದಕ್ಕೊಂದು ಖಚಿತ ವೈಜ್ಞಾನಿಕ ಹೆಸರು ಕೂಡ ಇರಲಿಲ್ಲ.

ಹೆಸರಿನ ಮಾತು ಬಂದದ್ದರಿಂದ ನನ್ನ ಕೋರಿಕೆ ಹೇಳಿ ಕೂರುತ್ತೇನೆ. ಎರಡು ದಿನ ಇಲ್ಲಿ ಪ್ರಬಂಧಗಳು ಮಂಡನೆಯಾಗುತ್ತವೆ, ಪ್ರಮಾಣಪತ್ರಗಳೂ ಸಿಗುತ್ತವೆ. ಅದರ ಜೊತೆಗೆ ಪ್ರತಿ ಕಾಲೇಜೂ ಒಂದು ಹಳ್ಳವನ್ನು ದತ್ತು ಎನ್ನದೆ, ಬೋರ್ಡು ಹಾಕದೆ, ಸುಮ್ಮನೆ ತನ್ನದು ಮಾಡಿಕೊಳ್ಳಲಿ. ಆ ಹಳ್ಳದಲ್ಲಿ ಗಾಳ ಹಾಕುವ ಅಜ್ಜನನ್ನು ಕೂರಿಸಿಕೊಂಡು ಮೀನಿನ ಊರಹೆಸರುಗಳನ್ನು ಬರೆದುಕೊಳ್ಳಲಿ, ಯಾವುದು ಯಾವ ನಕ್ಷತ್ರದ ಮಳೆಗೆ ಹತ್ತುತ್ತದೆ ಎಂದು ದಿನಾಂಕ ಸಮೇತ ಗುರುತಿಸಲಿ. ಮೂರು ಮಳೆಗಾಲದ ಇಂಥ ಪುಸ್ತಕ ಕೈಯಲ್ಲಿದ್ದರೆ, ಹೆಚ್ಚುವರಿ ನೀರಿನ ಲೆಕ್ಕ ಹೇಳುವವರ ಮುಂದೆ ಮೀನಿನ ಲೆಕ್ಕವನ್ನೂ ಇಡಬಹುದು. ಹತ್ತುವ ವಾರಗಳಲ್ಲಿ ಪಂಪು ನಿಲ್ಲಿಸಿ, ಒಡ್ಡಿಗೆ ಮೀನು ಹತ್ತುವ ಮೆಟ್ಟಿಲು ಇಡಿ ಎಂದು ಕೇಳಬಹುದು.

ಊಟದ ನಂತರ ಎರಡು ಗಂಟೆಗೆ ಹೊಳೆಗೆ ಹೋಗುವ ಬಸ್ಸು ಕಾಲೇಜಿನ ಗೇಟಿನಿಂದ ಹೊರಡುತ್ತದೆ. ದಯವಿಟ್ಟು ಎಲ್ಲರೂ ಬನ್ನಿ, ಚಪ್ಪಲಿ ಬಿಟ್ಟು ನೀರಿಗೆ ಇಳಿಯಿರಿ. ನೋಡಲಿಕ್ಕೆಂದು ಕಲ್ಲು ಎತ್ತಿದರೆ, ಯಾವ ಮಗ್ಗುಲು ಕೆಳಗಿತ್ತೋ ಅದೇ ಮಗ್ಗುಲು ಕೆಳಗಾಗಿ ವಾಪಸು ಇಡಿ.