ಒಂದು ಅಲಿಫ್, ಎರಡು ದಿನ



ಕಳೆದ ಶನಿವಾರ, ಭಾನುವಾರ ಅರಬ್ಬಿ ಅಕ್ಷರಕಲೆಯ ಶಿಬಿರಕ್ಕೆ ಹೋಗಿದ್ದೆ. ಹನ್ನೆರಡು ಜನ ಆಸಕ್ತರಿದ್ದೆವು. ಮೊದಲ ದಿನವಿಡೀ ಅಲಿಫ್ ಒಂದನ್ನೇ ಬರೆಸಿದರು. ಬಿದಿರಿನ ಕಲಮಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಶಾಯಿಯಲ್ಲಿ ಅದ್ದಿ ಕಾಗದಕ್ಕೆ ಒತ್ತಿದರೆ ವಜ್ರಾಕಾರದ ಚುಕ್ಕೆ ಮೂಡುತ್ತದೆ. ಆ ಚುಕ್ಕೆಯೇ ಅಳತೆಗೋಲು. ಅಲಿಫ್ ಇಷ್ಟು ಚುಕ್ಕೆ ಎತ್ತರ, ಬೇ ಇಷ್ಟು ಚುಕ್ಕೆ ಅಗಲ ಎಂದು ಲೆಕ್ಕ. ಹತ್ತನೆಯ ಶತಮಾನದಲ್ಲಿ ಬಗ್ದಾದಿನ ವಜೀರನಾಗಿದ್ದ ಇಬ್ನ್ ಮುಕ್ಲಾ ಈ ಕ್ರಮ ಹಾಕಿಕೊಟ್ಟನೆಂದು ಹೇಳುತ್ತಾರೆ. (ಕೊನೆಗೆ ಅವನ ಬಲಗೈಯನ್ನೇ ಕಡಿಸಿದರು, ರಾಜಕೀಯ ಅಂದೂ ಹಾಗೆಯೇ ಇತ್ತು!) ನಮ್ಮ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನ ಕಿಟಕಿಗಳನ್ನೇ ಅರಬ್ಬಿ ಅಕ್ಷರಗಳಲ್ಲಿ ಕೊರೆದಿದ್ದಾರೆ. ನೋಡದವರು ನೋಡಿ ಬನ್ನಿ.

ನನ್ನ ಪಕ್ಕ ಕುಳಿತಿದ್ದ ಹಿರಿಯರು ಹಿಂದೆ ಉರ್ದು ಪತ್ರಿಕೆಯೊಂದರಲ್ಲಿ ಕಾತಿಬರಾಗಿದ್ದವರು. 1981ರಲ್ಲಿ ನೂರಿ ನಸ್ತಲೀಕ್ ಎಂಬ ಯಂತ್ರಾಕ್ಷರ ಬಂತು. ಮುಂದೆ ಕಂಪ್ಯೂಟರೂ ಬಂದಾಗ ಕಾತಿಬರ ಕೆಲಸ ಹೋಯಿತು. ಇವರು ಮದುವೆ ಕಾಗದ, ಅಂಗಡಿ ಬೋರ್ಡು ಬರೆದು ಸಂಸಾರ ನಡೆಸಿದರಂತೆ. ‘ನಿಮಗೆ ಇಲ್ಲಿ ಕಲಿಯಲು ಏನಿದೆ ಚಾಚಾ?’ ಎಂದು ಕೇಳಿದೆ. ‘ಬರೆಯುವವರ ನಡುವೆ ಕೂತು ಬಹಳ ವರ್ಷವಾಯಿತು ಬೇಟಾ’ ಎಂದರು.

2021ರಲ್ಲಿ ಯುನೆಸ್ಕೋ ಅರಬ್ಬಿ ಅಕ್ಷರಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಈ ಚಾಚಾರಿಂದ ಕಲಿತವರು ನಮ್ಮೂರಿನಲ್ಲಿ ಒಬ್ಬರೂ ಇಲ್ಲ. ಸಂಘದ ಕೊಠಡಿ ಭಾನುವಾರ ಖಾಲಿ ಇರುತ್ತದೆ. ಬೀಗದ ಕೈ ಕೊಟ್ಟರೆ ಬಂದು ಕಲಿಸಲು ಅವರು ಒಪ್ಪಿದ್ದಾರೆ. ಹಣ ಬೇಡವೆಂದಿದ್ದಾರೆ, ಸಂಭಾವನೆ ಕೊಡದೆ ಕರೆಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಾರ್ಯಕಾರಿ ಸಮಿತಿ ಇಂದೇ ತೀರ್ಮಾನಿಸಲಿ.